ಗ್ರೇಡ್ 2ರ ಹುಡುಗಿಯನ್ನು ಓಬೋ ಕಾರ್ಯಾಗಾರಕ್ಕೆ ಕಳಿಸಬಹುದಾ?

ಓದುಗರ ಪ್ರಶ್ನೆ:

ನಾವು ಹಾಸನದ ಕಡೆಯವರು. ಕೆಲಸದ ಮೇಲೆ ಬಂದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನೆಲೆಸಿದ್ದೇವೆ. ಮಗಳಿಗೆ 11 ವರ್ಷ. ಶಾಲೆಯಲ್ಲಿ ಓಬೋ ಎಂಬ ಊದುವ ವಾದ್ಯ ಕಲಿಯಲು ಶುರು ಮಾಡಿ ಒಂದೂವರೆ ವರ್ಷವಾಯಿತು, ಈಗ ಸಂಗೀತ ಪರೀಕ್ಷೆಯ ಎಂಟು ಹಂತಗಳಲ್ಲಿ ಎರಡನೆಯದಾದ ಗ್ರೇಡ್ 2ಕ್ಕೆ ತಯಾರಿ ನಡೆದಿದೆ. ಇಡೀ ಶಾಲೆಯಲ್ಲಿ ಓಬೋ ಊದುವವಳು ಅವಳೊಬ್ಬಳೇ. ಒಂದು ಭಾನುವಾರ ಓಬೋ ಮತ್ತು ಅದೇ ಬಗೆಯ ದೊಡ್ಡ ವಾದ್ಯವಾದ ಬಸೂನ್ ಕಲಿಯುವ ಮಕ್ಕಳಿಗಾಗಿ ಇಡೀ ದಿನದ ಕಾರ್ಯಾಗಾರವಿದೆ ಎಂದು ಅವಳ ಟೀಚರ್ ಚೀಟಿ ಕೊಟ್ಟು ಕಳಿಸಿದ್ದಾರೆ. ಜಾಗ ನಮ್ಮಿಂದ ಒಂದೂವರೆ ಗಂಟೆ ದೂರ. ಅಲ್ಲಿಗೆ ಗ್ರೇಡ್ 7, 8ರ ಮಕ್ಕಳೂ ಬರುತ್ತಾರಂತೆ. ಮಗಳು ನಾಚಿಕೆ ಸ್ವಭಾವದವಳು. ಅವರ ಮುಂದೆ ಕುಗ್ಗಿ ಹೋಗಿ, "ನನಗೆ ಇದು ಬೇಡ" ಎಂದು ಬಿಟ್ಟೇ ಬಿಡುತ್ತಾಳೇನೋ ಎಂದು ನಮಗೆ ಭಯ. ಮನೆಯಲ್ಲಿ ಊದುವಾಗಲೂ ಕೆಳಗಿನ ಸ್ವರಗಳು ಬರುವುದೇ ಇಲ್ಲ, ಕೆಲವು ದಿನ ಅತ್ತುಬಿಡುತ್ತಾಳೆ. ಊರಿನಿಂದ ನಮ್ಮಮ್ಮ ಫೋನ್ ಮಾಡಿದಾಗಲೆಲ್ಲ, "ಅಷ್ಟು ಬಿಗಿಯಾಗಿ ಊದಿದರೆ ಕಣ್ಣಿಗೆ, ತಲೆಗೆ ಏರುತ್ತೆ, ಬಿಡಿಸಿ" ಎನ್ನುತ್ತಾರೆ. ಇದರ ಮಧ್ಯೆ 9 ವರ್ಷದ ಮಗ ತಾನೂ ಬಂದು ಬಸೂನ್ ಊದಿ ನೋಡಬೇಕು ಎಂದು ಹಟ ಹಿಡಿದಿದ್ದಾನೆ. ಅಲ್ಲಿ ವಾದ್ಯ ಮಾರುವವರೂ ಇರುತ್ತಾರಂತೆ. ಹೋಗುವುದಾ, ಇನ್ನೊಂದೆರಡು ವರ್ಷ ಕಾಯುವುದಾ?

ಉತ್ತರ:

ಕರೆದುಕೊಂಡು ಹೋಗಿ. ಇಂಥ ದಿನದಿಂದ ಗ್ರೇಡ್ 7ರ ಮಗುವಿಗಿಂತ ಗ್ರೇಡ್ 2ರ ಮಗುವಿಗೇ ಲಾಭ ಜಾಸ್ತಿ. ಇಂಗ್ಲೆಂಡಿನ ಶಾಲೆಗಳಲ್ಲಿ ಈ ವಾದ್ಯಗಳನ್ನು ಹೇಳಿಕೊಡುತ್ತಾ, ಇಂಥ ಕಾರ್ಯಾಗಾರಗಳಲ್ಲಿ ಕಿರಿಯರ ಗುಂಪನ್ನು ನೋಡಿಕೊಳ್ಳುತ್ತಾ ಬಂದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಅಡಿಯಲ್ಲಿರುವ ಚಿಂತೆ ಮಾತ್ರ ಒಂದೇ: ತನಗಿಂತ ಚೆನ್ನಾಗಿ ಊದುವವರನ್ನು ನೋಡಿ ಮಗಳು ಸೋತು ಬರುತ್ತಾಳಾ? ನಿಮ್ಮ ಪತ್ರ ಓದಿದರೆ ಅವಳು ಈಗಾಗಲೇ ಸೋತ ಹಾಗೆ ಇದ್ದಾಳೆ. ಅದಕ್ಕೆ ಕಾರಣ ದೊಡ್ಡ ಮಕ್ಕಳಲ್ಲ. ಒಂದು, ಅವಳು ಒಂಟಿ. ಇನ್ನೊಂದು, ಬಹುಶಃ ಅವಳ ರೀಡ್, ಅಂದರೆ ಊದುವ ತುದಿಗೆ ಸಿಕ್ಕಿಸುವ ಜೊಂಡಿನ ತುಂಡು, ಸರಿ ಇಲ್ಲ. ಈ ಎರಡಕ್ಕೂ ಮನೆಯಲ್ಲಿ ಕೂತು ಎರಡು ವರ್ಷ ಕಾಯುವುದು ಮದ್ದಲ್ಲ.

ಮೊದಲು ಒಂಟಿತನದ ವಿಷಯ. ಒಂದು ಸಾಮಾನ್ಯ ಆರ್ಕೆಸ್ಟ್ರಾದಲ್ಲಿ ವಯಲಿನ್ ಇಪ್ಪತ್ತಕ್ಕೂ ಹೆಚ್ಚು ಇರುತ್ತವೆ. ಓಬೋ ಎರಡು, ಬಸೂನ್ ಎರಡು. ಕೃತಿ ದೊಡ್ಡದಾದರೆ ಮೂರೋ ನಾಲ್ಕೋ. ಶಾಲೆಯ ವಿಂಡ್ ಬ್ಯಾಂಡಿನಲ್ಲಿ ಕೊಳಲು, ಕ್ಲಾರಿನೆಟ್ ಸಾಲು ಸಾಲಾಗಿ ಕೂತಿರುತ್ತವೆ, ಓಬೋ ಒಂದಿದ್ದರೆ ಹೆಚ್ಚು. ವಾದ್ಯ ದುಬಾರಿ, ಹೇಳಿಕೊಡುವವರು ಕಡಿಮೆ, ಶುರುವಿನ ಒಂದು ವರ್ಷ ಕಷ್ಟ. ಹಾಗಾಗಿ ಹಿಡಿಯುವ ಮಕ್ಕಳೇ ಕಡಿಮೆ.

ಇದರ ಪರಿಣಾಮ ಮಗುವಿನ ಮೇಲೆ ಹೇಗಾಗುತ್ತದೆ ನೋಡಿ. ಕ್ಲಾರಿನೆಟ್ ಕಲಿಯುವ ಮಗುವಿಗೆ ಪಕ್ಕದಲ್ಲಿ ಇನ್ನೊಂದು ಮಗು ಇರುತ್ತದೆ. ಅದಕ್ಕೂ ಸ್ವರ ತಪ್ಪುತ್ತದೆ, ಅದಕ್ಕೂ ತುಟಿ ನೋಯುತ್ತದೆ. "ಓ, ಎಲ್ಲರಿಗೂ ಹೀಗೇ" ಎಂದು ಯಾರೂ ಹೇಳಿಕೊಡದೇ ಗೊತ್ತಾಗುತ್ತದೆ. ನಿಮ್ಮ ಮಗಳಿಗೆ ಹೋಲಿಸಿಕೊಳ್ಳಲು ಇರುವುದು ಇಬ್ಬರೇ. ಒಬ್ಬರು ಅವಳ ಟೀಚರ್, ಇನ್ನೊಬ್ಬರು ರೆಕಾರ್ಡಿಂಗ್‌ನಲ್ಲಿ ಊದುವ ದೊಡ್ಡ ಕಲಾವಿದರು. ಎರಡರ ಮುಂದೆಯೂ ಅವಳು ದಿನಾ ಸೋಲುತ್ತಾಳೆ. ಕೆಳಗಿನ ಸ್ವರ ಬರದಿದ್ದಾಗ ಅದು ವಾದ್ಯದ ಕಷ್ಟವೋ ತನ್ನ ಕೊರತೆಯೋ ಎಂದು ಅವಳಿಗೆ ತಿಳಿಯುವ ದಾರಿಯೇ ಇಲ್ಲ. ಕಾರ್ಯಾಗಾರದ ದಿನ ಅವಳ ಪಕ್ಕ ಇನ್ನೊಂದು ಗ್ರೇಡ್ 2ರ ಮಗು ಕೂತಿರುತ್ತದೆ. ಅದಕ್ಕೂ ಅದೇ ಸ್ವರ ಸಿಕ್ಕಿಬೀಳುತ್ತದೆ. ಅವಳನ್ನು ಅಷ್ಟು ದೂರ ಕರೆದುಕೊಂಡು ಹೋಗಲು ನನಗೆ ಈ ಒಂದು ಕಾರಣವೇ ಸಾಕು.

ಹಾಗಾದರೆ ಗ್ರೇಡ್ 8ರವರು? ಇಂಥ ದಿನಗಳು ಹೆಚ್ಚು ಕಡಿಮೆ ಒಂದೇ ರೀತಿ ನಡೆಯುತ್ತವೆ. ಬೆಳಿಗ್ಗೆ ಒಂದು ಶಾಲೆಯ ಹಾಲ್‌ನಲ್ಲಿ ಎಲ್ಲರೂ ಸೇರಿ ಉಸಿರಿನ ಅಭ್ಯಾಸ, ಉದ್ದ ಸ್ವರಗಳ ಅಭ್ಯಾಸ ಮಾಡುತ್ತಾರೆ. ಆಮೇಲೆ ಮಟ್ಟಕ್ಕೆ ತಕ್ಕಂತೆ ಗುಂಪುಗಳು. ನಡುವೆ ರೀಡ್ ಬಗ್ಗೆ ಒಂದು ತರಗತಿ, ಊಟ, ಟೀಚರ್‌ಗಳು ನುಡಿಸುವ ಸಣ್ಣ ಕಛೇರಿ. ಓಬೋದ ದೊಡ್ಡಕ್ಕನಂತಿರುವ ಕೋರ್ ಆಂಗ್ಲೆ, ಬಸೂನಿಗಿಂತಲೂ ಕೆಳಗೆ ಇಳಿಯುವ ಕಾಂಟ್ರಾಬಸೂನ್ ಎರಡನ್ನೂ ಹತ್ತಿರದಿಂದ ನೋಡಲು ಸಿಗುತ್ತವೆ. ಸಂಜೆ ತಂದೆ ತಾಯಿಯರ ಮುಂದೆ ಎಲ್ಲರೂ ಒಟ್ಟಿಗೆ ಒಂದೆರಡು ತುಣುಕು ನುಡಿಸುತ್ತಾರೆ.

ಈ ಒಟ್ಟು ನುಡಿಸುವಿಕೆಗೆ ಬರೆದ ಸಂಗೀತದಲ್ಲಿ ಎಲ್ಲರಿಗೂ ಒಂದೇ ಪಾಲು ಇರುವುದಿಲ್ಲ. ಮೇಲಿನ ಗ್ರೇಡಿನವರಿಗೆ ಓಡುವ ಸಾಲುಗಳು. ಹೊಸಬರಿಗೆ ಬೆರಳೆಣಿಕೆಯಷ್ಟು ಸ್ವರ, ಉದ್ದುದ್ದ ಹಿಡಿಯುವಂಥದ್ದು. ಆ ಉದ್ದ ಸ್ವರ ಇಲ್ಲದಿದ್ದರೆ ಮೇಲಿನ ಓಟ ಬರೀ ಗದ್ದಲ. ಹಾಗಾಗಿ ಸಣ್ಣವರ ಪಾಲು ಕನಿಕರದಿಂದ ಕೊಟ್ಟದ್ದಲ್ಲ, ನಿಜವಾಗಿಯೂ ಬೇಕಾದದ್ದು. ಅಷ್ಟು ಜನರ ಮಧ್ಯೆ ಅವಳೊಬ್ಬಳ ತಪ್ಪು ಯಾರಿಗೂ ಕೇಳಿಸುವುದೂ ಇಲ್ಲ.

ಆದರೂ ನಾಚಿಕೆಯ ಮಗುವಿಗೆ ಅಪಾಯ ಇಲ್ಲವೇ ಇಲ್ಲ ಎಂದು ಹೇಳುವುದಿಲ್ಲ. ಕೆಲವು ಕಡೆ ಜನ ಕಡಿಮೆ ಬಂದರೆ ಎಲ್ಲ ಮಟ್ಟದವರನ್ನೂ ಒಂದೇ ಗುಂಪಿಗೆ ಹಾಕಿಬಿಡುತ್ತಾರೆ. ಕೆಲವು ಟೀಚರ್‌ಗಳಿಗೆ ಒಬ್ಬೊಬ್ಬರನ್ನೇ ಊದಿಸಿ ನೋಡುವ ಅಭ್ಯಾಸ. ಇದನ್ನು ಮೊದಲೇ ತಿಳಿದುಕೊಳ್ಳಬಹುದು. ನಡೆಸುವವರಿಗೆ ಒಂದು ಇ-ಮೇಲ್ ಬರೆಯಿರಿ. ಗ್ರೇಡ್ 1ರಿಂದ 3ರವರಿಗೆ ಬೇರೆ ಗುಂಪು ಇದೆಯಾ, ಒಬ್ಬರೇ ನುಡಿಸಬೇಕಾಗುತ್ತದಾ, ಅವಳ ಪಾಲಿನ ಸಂಗೀತವನ್ನು ಮೊದಲೇ ಕಳಿಸುತ್ತೀರಾ ಎಂದು ಕೇಳಿ. ಅವಳು ಯಾವ ಸ್ವರದಿಂದ ಯಾವ ಸ್ವರದವರೆಗೆ ಊದುತ್ತಾಳೆ ಎಂಬುದನ್ನು ಅವಳ ಟೀಚರ್ ಹತ್ತಿರ ಕೇಳಿ ಅದರಲ್ಲೇ ಬರೆಯಿರಿ. ನಡೆಸುವವರಿಗೆ ಇಂಥ ಪತ್ರ ಬಂದರೆ ತುಂಬಾ ಉಪಕಾರವಾಗುತ್ತದೆ. ಗ್ರೇಡಿನ ಸಂಖ್ಯೆಗಿಂತ ಈ ಒಂದು ಸಾಲು ಹೆಚ್ಚು ಹೇಳುತ್ತದೆ. ಸಾಲಿನ ತುದಿಯಲ್ಲಿ ಕೂರಿಸದೆ ಮಧ್ಯೆ ಕೂರಿಸಿ ಎಂದು ಕೇಳುವುದರಲ್ಲೂ ತಪ್ಪಿಲ್ಲ. ಬರದ ಕಡೆ ಊದದೆ ಬೆರಳು ಮಾತ್ರ ಆಡಿಸಬಹುದು ಎಂದು ಅವಳಿಗೆ ಹೇಳಿರಿ. ಅದು ಮೋಸವಲ್ಲ, ದೊಡ್ಡ ಆರ್ಕೆಸ್ಟ್ರಾದಲ್ಲಿ ಕೂರುವವರೂ ಕಲಿಯುವಾಗ ಹಾಗೇ ಮಾಡುತ್ತಾರೆ.

ಈಗ ರೀಡ್. ನಿಮ್ಮ ಪತ್ರದಲ್ಲಿ ಈ ಪದವೇ ಇಲ್ಲ. ಆದರೆ "ಕೆಳಗಿನ ಸ್ವರಗಳು ಬರುವುದೇ ಇಲ್ಲ" ಎಂದು ಓದಿದ ಕೂಡಲೇ ನನ್ನ ಅನುಮಾನ ಹೋದದ್ದು ಅಲ್ಲಿಗೇ.

ಓಬೋದ ಬಾಯಿಯಲ್ಲಿ ಎರಡು ತೆಳ್ಳನೆಯ ಪಟ್ಟಿಗಳನ್ನು ಎದುರುಬದುರಾಗಿ ಕಟ್ಟಿರುತ್ತಾರೆ. ಅರುಂಡೊ ಡೋನಾಕ್ಸ್ ಎಂಬ ಎತ್ತರದ ಜೊಂಡಿನಿಂದ ಮಾಡಿದ ಪಟ್ಟಿಗಳು ಅವು. ಫ್ರಾನ್ಸಿನ ದಕ್ಷಿಣದ ವಾರ್ ಪ್ರದೇಶದಲ್ಲಿ ಬೆಳೆಯುವ ಜೊಂಡಿಗೆ ಹೆಸರು ಹೆಚ್ಚು. ಓಬೋ ರೀಡಿನ ತುದಿ ಸುಮಾರು 7 ಮಿಲಿಮೀಟರ್ ಅಗಲ. ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಉಸಿರು ಹಾಯ್ದಾಗ ಎರಡು ಪಟ್ಟಿಗಳೂ ಅದುರಿ, ತೆರೆದು ಮುಚ್ಚಿ, ನಾದ ಹುಟ್ಟುತ್ತದೆ. ಇಷ್ಟು ತೆಳು ವಸ್ತುವಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಫಲ ಬೇರೆ. ಪಟ್ಟಿ ಗಟ್ಟಿಯಾಗಿದ್ದರೆ ಕೆಳಗಿನ ಸ್ವರಗಳು ಮೆಲ್ಲಗೆ ಹೊರಡುವುದಿಲ್ಲ, ಮಗು ಇನ್ನಷ್ಟು ಬಲ ಹಾಕುತ್ತದೆ, ತುಟಿಯಿಂದ ಕಚ್ಚುತ್ತದೆ. ಮೆತ್ತಗಾಗಿ ಸತ್ತ ರೀಡಾದರೆ ಸ್ವರ ಕುಸಿಯುತ್ತದೆ, ಮೇಲಿನ ಸ್ವರಗಳು ನಿಲ್ಲುವುದಿಲ್ಲ. ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸೀಳು ಬಿದ್ದಿದ್ದರೂ ಸಾಕು.

ಅದಕ್ಕೆ ಆಯುಸ್ಸೂ ಕಡಿಮೆ. ದಿನಾ ಊದುವ ಮಗುವಿನ ಒಂದು ರೀಡ್ ಕೆಲವು ವಾರ ಚೆನ್ನಾಗಿರುತ್ತದೆ, ಆಮೇಲೆ ಇಳಿಮುಖ. ಆದರೆ ಮನೆಯವರಿಗೆ ಇದು ಗೊತ್ತಿರುವುದಿಲ್ಲ. "ಮುರಿದಿಲ್ಲವಲ್ಲ" ಎಂದು ತಿಂಗಳುಗಟ್ಟಲೆ ಅದರಲ್ಲೇ ಊದಿಸುತ್ತಾರೆ. ಮಗು ಅಳುತ್ತದೆ. ಎಲ್ಲರೂ ಅಭ್ಯಾಸ ಸಾಲದು ಎನ್ನುತ್ತಾರೆ. ಇದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ಒಳ್ಳೆಯ ರೀಡ್ ಬಾಯಿಗಿಟ್ಟ ಕೂಡಲೇ ಅದೇ ಮಗು ಅದೇ ಸ್ವರವನ್ನು ಊದುತ್ತದೆ.

ನಮ್ಮ ನಾಗಸ್ವರವೂ ಇದೇ ಜಾತಿಯ ವಾದ್ಯ, ಅಲ್ವಾ. ಓಲಗದವರ ವಾದ್ಯದ ಮೇಲ್ತುದಿಯಿಂದ ದಾರದಲ್ಲಿ ಸಣ್ಣ ಸಣ್ಣ ತುಂಡುಗಳು ನೇತಾಡುವುದನ್ನು ಮದುವೆಮನೆಯಲ್ಲಿ ನೀವು ನೋಡಿರುತ್ತೀರಿ. ಅವು ಅಲಂಕಾರವಲ್ಲ, ಬದಲಿ ರೀಡ್‌ಗಳು, ಜೊತೆಗೆ ಅವನ್ನು ಸರಿಮಾಡುವ ಕಡ್ಡಿ. ಒಂದು ಕೈಕೊಟ್ಟರೆ ಇನ್ನೊಂದು ಸಿದ್ಧ. ನಿಮ್ಮ ಮಗಳ ಪೆಟ್ಟಿಗೆಯಲ್ಲಿ ಎಷ್ಟು ರೀಡ್ ಇವೆ ಎಂದು ಇವತ್ತೇ ತೆಗೆದು ನೋಡಿ. ಒಂದೇ ಇದ್ದರೆ ಅವಳ ಕಷ್ಟದ ಅರ್ಧ ಕಾರಣ ಸಿಕ್ಕ ಹಾಗೆ. ಯಾವಾಗಲೂ ಮೂರು ಇರಬೇಕು, ದಿನಕ್ಕೊಂದರಂತೆ ಬದಲಾಯಿಸುತ್ತಾ ಊದಬೇಕು. ಊದುವ ಮೊದಲು ಒಂದೆರಡು ನಿಮಿಷ ನೀರಿನಲ್ಲಿ ನೆನೆಸಬೇಕು. ಅದಕ್ಕೆಂದೇ ಮುಚ್ಚಳವಿರುವ ಪುಟ್ಟ ಡಬ್ಬಿ ಇಟ್ಟುಕೊಳ್ಳಿ. ಕೈಯಿಂದ ಮಾಡಿ ಸರಿಪಡಿಸಿದ ಒಂದು ಓಬೋ ರೀಡಿಗೆ ಇಲ್ಲಿ ಸುಮಾರು 10ರಿಂದ 20 ಪೌಂಡ್ ಆಗುತ್ತದೆ. ಕಡಿಮೆಯಲ್ಲ, ಒಪ್ಪುತ್ತೇನೆ. ಆದರೆ ಕೆಟ್ಟ ರೀಡಿನಲ್ಲಿ ನಡೆಯುವ ಅರ್ಧ ಗಂಟೆಯ ಪಾಠದ ದುಡ್ಡು ಅದಕ್ಕಿಂತ ದೊಡ್ಡ ನಷ್ಟ.

ಕಾರ್ಯಾಗಾರದಲ್ಲಿ ರೀಡ್ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವಳ ಹತ್ತಿರವಿರುವ ಎಲ್ಲ ರೀಡ್‌ಗಳನ್ನೂ, ಹಳೆಯವನ್ನೂ ಸೇರಿಸಿ, ಕೊಂಡೊಯ್ಯಿರಿ. ಅವರು ಬಾಯಿಗಿಟ್ಟು ಕೂಗಿಸಿ ನೋಡಿ, ಚಾಕುವಿನಿಂದ ಅಲ್ಲಿಷ್ಟು ಇಲ್ಲಿಷ್ಟು ಕೆರೆದು ಕೊಡುತ್ತಾರೆ. ಅವಳಿಗೆ ಎಷ್ಟು ಮೃದುವಾದದ್ದು ಸರಿ, ಮುಂದಿನ ಸಲ ಯಾವ ಬಗೆಯದು ತರಿಸಬೇಕು ಎಂದು ಕೇಳಿ ಬರೆದುಕೊಳ್ಳಿ. ಆ ದಿನ ಇಷ್ಟೇ ಆದರೂ ನೀವು ಕೊಟ್ಟ ಶುಲ್ಕ ವಾಪಸ್ ಬಂದಂತೆ. ಒಂದು ಎಚ್ಚರಿಕೆ: ರೀಡ್ ಮಾಡುವ ಚಾಕು, ಜೊಂಡು, ಸಲಕರಣೆಗಳ ಸೆಟ್ ಚಂದವಾಗಿ ಜೋಡಿಸಿಟ್ಟಿರುತ್ತಾರೆ. 11 ವರ್ಷಕ್ಕೆ ಅದು ಬೇಡ. ಕಲಿಯಲು ವರ್ಷಗಳು ಬೇಕು, ಚಾಕು ತುಂಬಾ ಹರಿತ.

ಇನ್ನು ನಿಮ್ಮಮ್ಮನ ಮಾತು. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಅದರಲ್ಲಿ ಒಂದು ಕಾಳು ಸತ್ಯವಿದೆ. ಓಬೋ ಊದಿದರೆ ತಲೆ ಕೆಡುತ್ತದೆ ಎಂಬ ಮಾತು ಯುರೋಪಿನಲ್ಲೂ ಹಳೆಯದು. ಅದು ಸುಳ್ಳು. ಆದರೆ ಊದುವವರ ಮುಖ ಕೆಂಪೇರುವುದು, ತಲೆ ಹಗುರವಾದಂತೆ ಆಗುವುದು ನಿಜ. ಕಾರಣ ಸರಳ. ಕೊಳಲಿನವರಿಗೆ ಉಸಿರು ಸಾಲುವುದಿಲ್ಲ. ಓಬೋದವರಿಗೆ ಉಸಿರು ಮಿಕ್ಕಿಬಿಡುತ್ತದೆ. ರೀಡಿನ ಬಾಯಿ ಅಷ್ಟು ಸಣ್ಣದು. ಸಾಲು ಮುಗಿದಾಗ ಎದೆಯಲ್ಲಿ ಹಳೆಯ ಗಾಳಿ ತುಂಬಿಕೊಂಡೇ ಇರುತ್ತದೆ. ಅದರ ಮೇಲೆಯೇ ಹೊಸ ಉಸಿರು ಎಳೆದುಕೊಂಡರೆ ಕಟ್ಟಿದಂತಾಗುತ್ತದೆ. ಪರಿಹಾರವೂ ಸರಳ: ಮೊದಲು ಹೊರಗೆ ಬಿಡು, ಆಮೇಲೆ ಒಳಗೆ ತಗೊ. ಮಕ್ಕಳು ಮರೆಯುವುದು ಇದನ್ನೇ. ಅವಳ ಪುಸ್ತಕದಲ್ಲಿ ಎಲ್ಲಿ ಬಿಡಬೇಕು, ಎಲ್ಲಿ ತೆಗೆದುಕೊಳ್ಳಬೇಕು ಎಂದು ಬೇರೆ ಬೇರೆ ಗುರುತು ಹಾಕಿಕೊಳ್ಳಲು ಹೇಳಿ.

ಕಣ್ಣಿನ ವಿಷಯ ಹೀಗಿದೆ. ಬಿಗಿ ಉಸಿರು ಬೇಡುವ ವಾದ್ಯಗಳನ್ನು ಊದುವಾಗ ಕಣ್ಣಿನ ಒಳಗಿನ ಒತ್ತಡ ಸ್ವಲ್ಪ ಹೊತ್ತು ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. 2000ರಲ್ಲಿ ಕಣ್ಣಿನ ವೈದ್ಯರ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಇದನ್ನು ಅಳೆದು ತೋರಿಸಿತ್ತು. ಬದುಕಿಡೀ ಸಾವಿರಾರು ಗಂಟೆ ಊದಿದವರಲ್ಲಿ ನೋಟದ ಅಂಚಿನಲ್ಲಿ ಸಣ್ಣ ವ್ಯತ್ಯಾಸವನ್ನೂ ಅದು ಗುರುತಿಸಿತ್ತು. ದಿನಕ್ಕೆ ಇಪ್ಪತ್ತು ನಿಮಿಷ ಊದುವ ಆರೋಗ್ಯವಂತ ಮಗುವಿನ ಮಾತೇ ಬೇರೆ. ಆದರೆ ಮಗುವಿಗೆ ಈಗಾಗಲೇ ಕಣ್ಣಿನ ಒತ್ತಡದ ತೊಂದರೆ ಇದ್ದರೆ, ಅಥವಾ ಮನೆತನದಲ್ಲಿ ಗ್ಲೊಕೋಮಾ ಇದ್ದರೆ, ಕಣ್ಣು ಪರೀಕ್ಷೆಗೆ ಹೋದಾಗ ವಾದ್ಯದ ಹೆಸರು ಹೇಳಿ ಕೇಳಿ. ಅಸ್ತಮಾ ಇದ್ದರೂ ಅಷ್ಟೇ. ವೈದ್ಯರಿಗೆ ತಿಳಿಸಿ, ಇನ್‌ಹೇಲರ್ ಚೀಲದಲ್ಲಿರಲಿ. ಅಸ್ತಮಾ ಇರುವ ಎಷ್ಟೋ ಮಕ್ಕಳು ಆರಾಮವಾಗಿ ಊದುತ್ತಾರೆ.

ಆ ದಿನ ನಾನು ನಿಜವಾಗಿ ಹೆದರುವುದು ತುಟಿಗೆ. ಓಬೋ, ಬಸೂನ್ ಎರಡರಲ್ಲೂ ಮೇಲಿನ ತುಟಿ, ಕೆಳಗಿನ ತುಟಿ ಎರಡನ್ನೂ ಹಲ್ಲಿನ ಮೇಲೆ ಮಡಿಸಿ ರೀಡನ್ನು ಹಿಡಿಯಬೇಕು. ಬಾಯಿಯ ಸುತ್ತಲಿನ ಸಣ್ಣ ಸ್ನಾಯುಗಳು ಬೇಗ ದಣಿಯುತ್ತವೆ. ಮನೆಯಲ್ಲಿ ಇಪ್ಪತ್ತು ನಿಮಿಷ ಊದುವ ಮಗು ಅಲ್ಲಿ ನಾಲ್ಕೈದು ಗಂಟೆ ವಾದ್ಯದ ಜೊತೆ ಇರುತ್ತದೆ. ಊಟದ ನಂತರ ತುಟಿ ಸೋತು ಗಾಳಿ ಸೋರುತ್ತದೆ, ಸ್ವರ ಕೆಳಗಿಳಿಯುತ್ತದೆ. ಆಗ ಮಕ್ಕಳು ಹಲ್ಲಿನಿಂದ ಕಚ್ಚಿ ಎಳೆಯುತ್ತಾರೆ, ಒಳತುಟಿ ಗಾಯವಾಗುತ್ತದೆ, ಕೆಟ್ಟ ಅಭ್ಯಾಸವೂ ಅಂಟುತ್ತದೆ. ದಣಿದರೆ ಓಬೋ ತೊಡೆಯ ಮೇಲಿಟ್ಟು ಸುಮ್ಮನೆ ಕೇಳು ಎಂದು ಮೊದಲೇ ಹೇಳಿ ಕಳಿಸಿ. ಯಾವ ಒಳ್ಳೆಯ ಟೀಚರೂ ಅದಕ್ಕೆ ಬೈಯುವುದಿಲ್ಲ. ಹಲ್ಲಿಗೆ ತಂತಿ ಹಾಕಿಸುವ ಯೋಚನೆ ಇದ್ದರೆ ಅದೇ ವಾರ ಹಾಕಿಸಬೇಡಿ. ಈಗಾಗಲೇ ಹಾಕಿದ್ದರೆ ಹಲ್ಲಿನ ವೈದ್ಯರು ಕೊಡುವ ಮೇಣವನ್ನು ಮರೆಯದೆ ಒಯ್ಯಿರಿ.

ಮಗನ ಹಟದ ಬಗ್ಗೆ ನನಗೆ ಖುಷಿಯಾಯಿತು, ಬಸೂನ್ ಕೇಳಿಕೊಂಡು ಬರುವ ಮಗು ಅಪರೂಪ. ನೆಟ್ಟಗೆ ನಿಲ್ಲಿಸಿದರೆ ಬಸೂನ್ ಸುಮಾರು 134 ಸೆಂಟಿಮೀಟರ್, ಅಂದರೆ 9 ವರ್ಷದ ಹುಡುಗನ ಎತ್ತರ. ಒಳಗಿನ ಕೊಳವೆ ಮಡಿಚಿಕೊಂಡಿರುತ್ತದೆ, ಬಿಚ್ಚಿ ಅಳೆದರೆ ಎರಡೂವರೆ ಮೀಟರ್. ತೂಕ 3 ಕಿಲೋಗಿಂತ ಜಾಸ್ತಿ. ತೂಕ ಅಷ್ಟು ದೊಡ್ಡ ತೊಂದರೆಯಲ್ಲ. ಕೂತು ನುಡಿಸುವಾಗ ಕುರ್ಚಿಯ ಮೇಲೆ ತೊಡೆಯ ಕೆಳಗೆ ಹಾಸಿದ ಪಟ್ಟಿ ಅದನ್ನು ಹೊರುತ್ತದೆ. ತೊಂದರೆ ಬೆರಳಿನದು. ರಂಧ್ರಗಳು ದೂರ ದೂರ. ಎಡಗೈ ಹೆಬ್ಬೆರಳೊಂದೇ ಎಂಟೊಂಬತ್ತು ಕೀಲಿ ನೋಡಿಕೊಳ್ಳಬೇಕು. ಅದಕ್ಕೇ ಮೊದಲೆಲ್ಲ 11, 12 ವರ್ಷಕ್ಕೆ ಮುಂಚೆ ಯಾರೂ ಕೊಡುತ್ತಿರಲಿಲ್ಲ. ಈಗ ಮಕ್ಕಳಿಗೆಂದೇ ಚಿಕ್ಕ ಬಸೂನ್‌ಗಳಿವೆ. ಲಂಡನ್ನಿನ ಹೋವರ್ತ್, ಜರ್ಮನಿಯ ಗುಂಟ್ರಾಮ್ ವುಲ್ಫ್ ಇಂಥವನ್ನು ಮಾಡಿ ಹೆಸರಾದರು. ಅವುಗಳ ನಾದ ದೊಡ್ಡದಕ್ಕಿಂತ ನಾಲ್ಕೋ ಐದೋ ಸ್ವರ ಮೇಲಿರುತ್ತದೆ, ಬೆರಳುಗಳ ಕ್ರಮ ಮಾತ್ರ ಹೆಚ್ಚು ಕಡಿಮೆ ಅದೇ. ಕೈ ಬೆಳೆದ ಮೇಲೆ ದೊಡ್ಡದಕ್ಕೆ ಹೋಗಬಹುದು.

ಹಾಗಾಗಿ ಮಗನನ್ನೂ ಕರೆದುಕೊಂಡು ಹೋಗಬಹುದು. ಹೊಸಬರು ಊದಿ ನೋಡುವ ವ್ಯವಸ್ಥೆ ಇದೆಯಾ, ಚಿಕ್ಕ ಬಸೂನ್ ಇರುತ್ತದಾ ಎಂದು ಅದೇ ಇ-ಮೇಲ್‌ನಲ್ಲಿ ಕೇಳಿ. ಬಸೂನ್ ರೀಡಿನ ಬಾಯಿ ಅಗಲ, ಮೊದಲ ದಿನವೇ ಸದ್ದು ಬಂದುಬಿಡುತ್ತದೆ. ಓಬೋದಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಅಕ್ಕ ಒಂದೂವರೆ ವರ್ಷ ಕಷ್ಟಪಟ್ಟದ್ದರ ಮುಂದೆ ತಮ್ಮ ಐದು ನಿಮಿಷದಲ್ಲಿ ಊದಿ ಕುಣಿದರೆ ಅವಳಿಗೆ ಹೇಗನಿಸುತ್ತದೆ ಎಂದೂ ನೀವು ಯೋಚಿಸಬೇಕು. ಸಾಧ್ಯವಾದರೆ ಅವನ ಸರದಿ ಅವಳು ಬೇರೆ ಗುಂಪಿನಲ್ಲಿರುವಾಗ ಬರಲಿ. ಆ ದಿನ ಅವಳದ್ದು.

ಅವನಿಗೆ ಇಷ್ಟವಾದರೆ ಮುಂದೇನು? ವಾದ್ಯಕ್ಕಿಂತ ಮೊದಲು ಟೀಚರನ್ನು ಹುಡುಕಿ. ಬಸೂನ್ ಟೀಚರ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಆಮೇಲೆ ಮಕ್ಕಳ ಸಂಗೀತ ಕಲಿಕೆಯನ್ನು ನೋಡಿಕೊಳ್ಳುವ ನಿಮ್ಮ ಪ್ರದೇಶದ ಮ್ಯೂಸಿಕ್ ಹಬ್‌ಗೆ ಬರೆಯಿರಿ. ಹಿಡಿಯುವವರಿಲ್ಲದೆ ಬಸೂನ್‌ಗಳು ಅಲ್ಲಿನ ಕಪಾಟಿನಲ್ಲೇ ಉಳಿದಿರುವುದುಂಟು, ಕಡಿಮೆ ಬಾಡಿಗೆಗೆ ಕೊಡುತ್ತಾರೆ. ಹೊಸ ಬಸೂನ್ ಎಂದರೆ ಸಾವಿರಗಟ್ಟಲೆ ಪೌಂಡ್. ಮೊದಲ ವರ್ಷ ಆ ಯೋಚನೆಯನ್ನೇ ಮಾಡಬೇಡಿ.

ಮಾರಾಟದ ಮೇಜುಗಳಿಗೂ ಇದೇ ಮಾತು. ಅಲ್ಲಿ ಕೂತವರು ಸಾಮಾನ್ಯವಾಗಿ ವಾದ್ಯ ಬಲ್ಲವರೇ, ಒತ್ತಾಯ ಮಾಡುವವರಲ್ಲ. ಒತ್ತಾಯ ಬರುವುದು ನಮ್ಮೊಳಗಿಂದ. ಮಗು ಹೊಳೆಯುವ ಹೊಸ ಓಬೋ ಊದಿ ನಕ್ಕಾಗ ತಂದೆ ತಾಯಿಯ ಮನಸ್ಸು ಕರಗುತ್ತದೆ. ಅವಳು ಊದಿ ನೋಡಲಿ, ಮಾದರಿಯ ಹೆಸರು ಬರೆದುಕೊಳ್ಳಿ, ರೀಡ್ ಮತ್ತು ಒರೆಸುವ ಬಟ್ಟೆ ಮಾತ್ರ ಕೊಂಡು ಬನ್ನಿ. ಇದಕ್ಕೆ ಎರಡು ಕಾರಣ. ಸರ್ಕಾರಿ ಶಾಲೆಯಲ್ಲಿ ಓದಿ, ಅಲ್ಲೇ ವಾದ್ಯ ಕಲಿಯುವ ಮಕ್ಕಳಿಗೆ ಇಂಗ್ಲೆಂಡಿನಲ್ಲಿ ಅಸಿಸ್ಟೆಡ್ ಇನ್‌ಸ್ಟ್ರುಮೆಂಟ್ ಪರ್ಚೇಸ್ ಎಂಬ ಯೋಜನೆ ಇದೆ. ಶಾಲೆಯ ಮೂಲಕ ಕೊಂಡರೆ 20 ಶೇಕಡಾ ವ್ಯಾಟ್ ಕಟ್ಟಬೇಕಾಗಿಲ್ಲ. ಮೇಜಿನ ಮೇಲೆ ಕೊಂಡುಬಿಟ್ಟ ಮೇಲೆ ಆ ರಿಯಾಯಿತಿ ಸಿಗುವುದಿಲ್ಲ. ಅದೂ ಅಲ್ಲದೆ ಅಂಗಡಿಯವರು ವಾದ್ಯವನ್ನು ಕೆಲವು ದಿನ ಮನೆಗೆ ಕೊಟ್ಟು ನೋಡಲು ಬಿಡುತ್ತಾರೆ. ಅದನ್ನು ಅವಳ ಟೀಚರ್ ಊದಿ ನೋಡಿದ ಮೇಲೆಯೇ ತೀರ್ಮಾನ ಮಾಡಿ.

ಯಾರಾದರೂ ಹಳೆಯ ಓಬೋ ಅಗ್ಗಕ್ಕೆ ಕೊಡುತ್ತೇನೆಂದರೆ ಒಂದು ವಿಷಯ ಕೇಳಿ. ಬ್ರಿಟನ್ನಿನಲ್ಲಿ ಹೆಚ್ಚಾಗಿ ಕಲಿಸುವುದು ಥಂಬ್‌ಪ್ಲೇಟ್ ಪದ್ಧತಿಯ ಓಬೋ. ಯುರೋಪಿನ ಇತರ ದೇಶಗಳಲ್ಲಿ, ಅಮೆರಿಕದಲ್ಲಿ ನಡೆಯುವುದು ಕನ್ಸರ್ವಟೋರ್ ಪದ್ಧತಿ. ಕೆಲವು ಸ್ವರಗಳಿಗೆ ಬೆರಳಿನ ಕ್ರಮವೇ ಬೇರೆ. ಎರಡೂ ಇರುವ ವಾದ್ಯಗಳೂ ಸಿಗುತ್ತವೆ. ತಿಳಿಯದೆ ಕೊಂಡರೆ ಮಗು ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕಾಗುತ್ತದೆ.

ನೀವು ಕೇಳಲಿಲ್ಲ, ಆದರೆ ನಮ್ಮವರ ಮಧ್ಯೆ ಓಡಾಡುವ ಇನ್ನೊಂದು ಮಾತಿದೆ: ಅಪರೂಪದ ವಾದ್ಯ ಹಿಡಿದರೆ ಒಳ್ಳೆಯ ಖಾಸಗಿ ಶಾಲೆಯಲ್ಲಿ ಸ್ಕಾಲರ್‌ಶಿಪ್ ಗ್ಯಾರಂಟಿ ಎಂದು. ಗ್ಯಾರಂಟಿ ಏನೂ ಇಲ್ಲ. ಆರ್ಕೆಸ್ಟ್ರಾದಲ್ಲಿ ಖಾಲಿ ಕುರ್ಚಿ ಇರುವುದರಿಂದ ಬಾಗಿಲು ಸ್ವಲ್ಪ ಬೇಗ ತೆರೆಯಬಹುದು, ನಿಜ. ಆದರೆ ಒಳಗೆ ಕೂರಲು ಚೆನ್ನಾಗಿ ನುಡಿಸಲೇಬೇಕು. ಆ ಆಸೆಗೆಂದೇ ಓಬೋ ಹಿಡಿಸಿದ ಮಕ್ಕಳು ಹೆಚ್ಚು ದಿನ ಉಳಿದದ್ದನ್ನು ನಾನು ಕಂಡಿಲ್ಲ.

ಇನ್ನು ಹೊರಡುವ ತಯಾರಿ. ವಾದ್ಯ, ರೀಡ್‌ಗಳು, ನೀರಿನ ಡಬ್ಬಿ, ಮಡಿಚುವ ಮ್ಯೂಸಿಕ್ ಸ್ಟ್ಯಾಂಡ್, ಪೆನ್ಸಿಲ್, ಒಳಗಿನ ತೇವ ಒರೆಸುವ ಬಟ್ಟೆ, ಊಟದ ಡಬ್ಬಿ. ಸಿಗರೇಟ್ ಸುತ್ತುವ ತೆಳು ಕಾಗದದ ಒಂದು ಕಟ್ಟನ್ನೂ ಇಟ್ಟುಕೊಳ್ಳಿ, ಕೀಲಿಯ ಕೆಳಗೆ ನೀರು ಸೇರಿ ಗೊಳಗೊಳ ಎಂದಾಗ ಅದನ್ನಿಟ್ಟು ಒತ್ತಿದರೆ ಹೀರಿಕೊಳ್ಳುತ್ತದೆ. ಓಬೋ ಮರದ್ದಾದರೆ ಚಳಿಯ ಕಾರಿನಿಂದ ತಂದ ಕೂಡಲೇ ಊದಿಸಬೇಡಿ. ಒಳಗೆ ಬಿಸಿ ಉಸಿರು, ಹೊರಗೆ ತಣ್ಣನೆಯ ಮರ. ಆಗಲೇ ಬಿರುಕು ಬಿಡುವುದು. ಹತ್ತು ನಿಮಿಷ ಕೋಣೆಯ ಬಿಸಿಗೆ ಬಿಟ್ಟು, ಮೇಲಿನ ಭಾಗವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಲಿ. ಪ್ಲಾಸ್ಟಿಕ್ಕಿನದಾದರೆ ಈ ಚಿಂತೆ ಇಲ್ಲ. ಊಟಕ್ಕೆ ಚಿತ್ರಾನ್ನ, ಚಪಾತಿ ಯಾವುದಾದರೂ ಸರಿ. ಮತ್ತೆ ಊದುವ ಮುಂಚೆ ಬಾಯಿ ಚೆನ್ನಾಗಿ ಮುಕ್ಕಳಿಸಲಿ. ಅನ್ನದ ಅಗುಳು, ಎಣ್ಣೆ ರೀಡಿನೊಳಗೆ ಹೋದರೆ ಅದು ಅಲ್ಲಿಗೆ ಮುಗಿದಂತೆ.

ನೀವು ಅಲ್ಲೇ ಇರಬೇಕಾ? ಈ ವಯಸ್ಸಿನವರಿಗೆ ಎಷ್ಟೋ ಕಡೆ ದೊಡ್ಡವರು ಇರಬೇಕೆಂಬ ನಿಯಮವಿರುತ್ತದೆ, ಕೇಳಿಕೊಳ್ಳಿ. ಇದ್ದರೂ ಅವಳ ಗುಂಪಿನ ಕೋಣೆಯೊಳಗೆ ಕೂರಬೇಡಿ. ಅಪ್ಪ ನೋಡುತ್ತಿದ್ದರೆ ಮಕ್ಕಳು ಪಕ್ಕದವರ ಜೊತೆ ಮಾತೇ ಆಡುವುದಿಲ್ಲ. ಮಾತಾಡುವುದಕ್ಕೇ ನೀವು ಕರೆದುಕೊಂಡು ಬಂದದ್ದು.

ಇಡೀ ದಿನ ಜಾಸ್ತಿಯಾಯಿತು ಅನಿಸಿದರೆ ಅರ್ಧ ದಿನ ಬರಬಹುದಾ ಎಂದು ಕೇಳಿ, ಕೆಲವರು ಒಪ್ಪುತ್ತಾರೆ. ಬೆಳಗಿನ ಅರ್ಧವೇ ಒಳ್ಳೆಯದು, ತುಟಿ ಗಟ್ಟಿ ಇರುತ್ತದೆ. ಆದರೆ ಸಂಜೆಯ ಒಟ್ಟು ನುಡಿಸುವಿಕೆ ತಪ್ಪುತ್ತದೆ, ಅದು ನನ್ನ ಲೆಕ್ಕದಲ್ಲಿ ದೊಡ್ಡ ನಷ್ಟ. ಅವಳು ಖಂಡಿತ ಬೇಡ ಎಂದರೆ ಎಳೆದುಕೊಂಡು ಹೋಗಬೇಡಿ. ಅವಳ ಟೀಚರ್ ಬೇರೆ ಶಾಲೆಗಳಲ್ಲೂ ಹೇಳಿಕೊಡುತ್ತಿರುತ್ತಾರೆ. ಅಲ್ಲಿನ ಇನ್ನೊಬ್ಬ ಓಬೋ ಮಗುವಿನ ಜೊತೆ ತಿಂಗಳಿಗೊಮ್ಮೆ ಜೊತೆಯಾಗಿ ಊದುವ ಏರ್ಪಾಡು ಮಾಡಲು ಕೇಳಿ. ಬ್ರಿಟಿಷ್ ಡಬಲ್ ರೀಡ್ ಸೊಸೈಟಿ ಎಂಬ ಸಂಘವಿದೆ, ಈ ಎರಡು ವಾದ್ಯಗಳವರದ್ದೇ. ಮುಂದಿನ ಇಂಥ ದಿನಗಳ ಸುದ್ದಿಗೆ ಅದನ್ನು ನೋಡುತ್ತಿರಿ.

ಕೊನೆಗೆ ಒಂದು ವಿಷಯ. ಅಲ್ಲಿನ ಟೀಚರ್ ತುಟಿ ಹೀಗಿಡು, ವಾದ್ಯ ಇಷ್ಟು ಎತ್ತು, ನಾಲಿಗೆ ಹೀಗೆ ತಾಗಿಸು ಎಂದು ಹೇಳುತ್ತಾರೆ. ಅದು ಶಾಲೆಯ ಟೀಚರ್ ಹೇಳಿದ್ದಕ್ಕಿಂತ ಬೇರೆಯಾಗಿರಬಹುದು. ಇಬ್ಬರೂ ತಪ್ಪಲ್ಲ, ಓಬೋ ಹಿಡಿಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಒಂದು ದಿನ ನೋಡಿದವರ ಮಾತಿಗೆ ಅವಳು ರಾತ್ರೋರಾತ್ರಿ ಎಲ್ಲ ಬದಲಾಯಿಸುವುದು ಬೇಡ. ವಾಪಸ್ ಬರುವಾಗ ಕಾರಿನಲ್ಲಿ ಅವಳು ನೆನಪಿದ್ದಷ್ಟು ಹೇಳಲಿ, ನೀವು ಬರೆದುಕೊಳ್ಳಿ. ಮುಂದಿನ ಪಾಠದ ದಿನ ಆ ಚೀಟಿಯನ್ನೂ, ಕೆರೆದು ಸರಿಮಾಡಿಸಿದ ರೀಡನ್ನೂ ಅವಳ ಟೀಚರ್ ಕೈಗೆ ಕೊಡಿ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರು ನೋಡಿ ಹೇಳುತ್ತಾರೆ.